ನೆಗ್ಗಿದ ಸೇರು

ಕಾಗಿಣಾ ದಾಟಿ, ಸಿಮೆಂಟಿನ ಧೂಳು ತೆಳುವಾಗುವಲ್ಲಿ
ನಮ್ಮೂರು. ಹಳೆಯ ಅಂಗನವಾಡಿಯ ಕೋಣೆಯಲ್ಲಿ
ಬೀಜದ ಮನೆ. ಕೆಳಗೆ ಶಹಾಬಾದಿ ಫರಸಿ,
ಗೋಡೆಗುಂಟ ಇಪ್ಪತ್ತೊಂದು ಗಡಿಗೆ,
ಒಳಗೆ ಬೂದಿ, ಬೇವಿನೆಲೆ, ಬಾಯಿಗೆ ಸೆಗಣಿಯ ಮೆತ್ತಿಗೆ.
ಇಲ್ಲಿ ಲೆಕ್ಕ ಬರೆಯುವವಳು ನಾನು,
ಹತ್ತನೇ ಈಯತ್ತೆ ಪಾಸಾದ ಒಂದೇ ತಪ್ಪಿಗೆ.

ಕರಾರು ಸಣ್ಣದು:
ಮಿರಗಕ್ಕೆ ಐದು ಸೇರು ಒಯ್ಯಿ, ರಾಶಿಯಾದ ಮೇಲೆ ಏಳೂವರೆ ತಾ.
ಹೆಚ್ಚಿನ ಎರಡೂವರೆ ಯಾರದೂ ಅಲ್ಲ.
ಯಾರದೂ ಅಲ್ಲದ್ದನ್ನು ಬರೆಯಲು ಪುಸ್ತಕದಲ್ಲಿ ಖಾನೆ ಇರಲಿಲ್ಲ.
ಫೂಟುಪಟ್ಟಿ ಇಟ್ಟು ಒಂದು ಗೆರೆ ಎಳೆದೆ,
ತಲೆಯ ಮೇಲೆ ಏನು ಬರೆಯಲಿ ಎಂದು ತಿಳಿಯದೆ
ಇನ್ನೂ ಖಾಲಿ ಬಿಟ್ಟಿದ್ದೇನೆ.

ಸೇರು ರಾಚಮ್ಮನ ತವರಿನದು, ಹಿತ್ತಾಳೆ.
ಒಂದು ದಿನ ಫರಸಿಯ ಮೇಲೆ ಬಿದ್ದು
ಹೊಟ್ಟೆ ನೆಗ್ಗಿತು, ಹೆಬ್ಬೆರಳು ಒತ್ತಿದಷ್ಟು.
ತಾಲೂಕಿನಿಂದ ತೂಕದ ಯಂತ್ರ ಬಂದಾಗ, ಕೆಂಪು ಅಂಕಿಯದು,
ತೂಗಿ ನೋಡಿದೆ: ನಲವತ್ತು ಗ್ರಾಂ ಕಡಿಮೆ.
ಹೇಳಿದೆ. ಹೇಳಬಾರದಿತ್ತೇನೋ.
ಆರು ವರ್ಷ ಒಯ್ದವರೆಲ್ಲ ಒಮ್ಮೆಲೇ ಮಾತಾಡಿದರು.

ರಾಚಮ್ಮ ಬಾಯೊಳಗಿನ ಎಲೆಯಡಿಕೆ ಪಕ್ಕಕ್ಕೆ ಸರಿಸಿ:
"ಕೊಡಾಗ ಯಾವ ಸೇರ?"
"ಇದೇ."
"ತಗೊಳಾಗ?"
"ಇದೇ."
"ಗಂಜಿನ್ಯಾಗ ಎರಡು ಕಲ್ಲ ಇರ್ತಾವ ನೋಡವ್ವಾ,
ಒಂದು ನಿನ್ನ ತೊಗರಿಗಿ, ಒಂದು ನೀ ಕೊಳ್ಳೋ ಬ್ಯಾಳಿಗಿ.
ಇಲ್ಲಿ ಒಂದೇ ಅದ. ನೆಗ್ಗಿದ್ರ ನೆಗ್ಗಲಿ."

ಆ ವರ್ಷ ತೊಗರಿ ಏರಿತು.
ಕಲಬುರಗಿಯ ದಲಾಲಿ ಟೆಂಪೋ ತಂದು
ಬೀಜದ ಮನೆಯ ಮುಂದೆಯೇ ನಿಲ್ಲಿಸಿದ.
ಕೆಟ್ಟವನಲ್ಲ. ನೀರು ಕೇಳಿದ, ಕುಡಿದ, ರೇಟು ಹೇಳಿ ಹೋದ.
ರೇಟು ಮಾತ್ರ ರಾತ್ರಿಯಿಡೀ ಊರಲ್ಲೇ ಉಳಿಯಿತು,
ಯಾರ ಮನೆಯಲ್ಲೂ ಮಲಗಲಿಲ್ಲ.
ಜಗದೇವಿ ಕೊನೆಯ ಚೀಲದವರೆಗೂ ಮಾರಿದಳು,
ನಮ್ಮ ಏಳೂವರೆ ಸೇರೂ ಸೇರಿ.

ಸಭೆಗೆ ಬಂದು ಸೆರಗಿನ ಗಂಟು ಬಿಚ್ಚಿದಳು:
ನೋಟು, ಹೊಸವು, ಒಂದಕ್ಕೊಂದು ಅಂಟಿಕೊಂಡವು.
"ಹೆಚ್ಚಿಗೇ ಅದಾವ, ಎಣಸ್ಕೋರಿ."
ಯಾರೂ ಎಣಿಸಲಿಲ್ಲ.
ಮೋದಿನಬಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು,
ಮೂಸಿದಳು, ಕಾಳು ಒಣಗಿದೆಯೇ ನೋಡುವಂತೆ
ಹಲ್ಲಲ್ಲಿ ಮೆಲ್ಲಗೆ ಕಚ್ಚಿದಳು.
"ಇದು ನಾಟಂಗಿಲ್ಲ ಬಿಡವ್ವಾ."

ನಕ್ಕೆವು. ಜಗದೇವಿಯೂ ನಕ್ಕಳು, ಆಮೇಲೆ ಅತ್ತಳು,
ಆಮೇಲೆ ಸಿಟ್ಟಿಗೆದ್ದಳು:
"ನಿಮಗ ಸ್ವಂತ ಹೊಲ ಅದಾವ. ನಂದು ಲಾವಣಿ.
ನನ್ನ ಲೆಕ್ಕ ನಿಮ್ಮ ಸೇರಿನ್ಯಾಗ ಹಿಡಿಯಂಗಿಲ್ಲ."

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.
ಇವತ್ತಿಗೂ ಇರುವುದು ಅರ್ಧವೇ:
ಆ ಹೆಸರಿಲ್ಲದ ಖಾನೆಯಿಂದ ಏಳೂವರೆ ಇಳಿಸಿ
ಅವಳ ಹೆಸರಿನ ಮುಂದೆ ಚುಕ್ತಾ ಎಂದು ಬರೆದೆ.
ನೋಟು ಅವಳ ಸೆರಗಿಗೇ ವಾಪಸಾದವು.
ಮಿರಗಕ್ಕೆ ಮತ್ತೆ ಐದು ಸೇರು ಒಯ್ದಳು.

ಭೀಮಬಾಯಿ ಒಪ್ಪಲಿಲ್ಲ. "ನಾಳಿ ಎಲ್ಲಾರೂ ಮಾರ್ತಾರ" ಎಂದಳು.
ಸುಳ್ಳೇನಲ್ಲ. ಎರಡು ತಿಂಗಳು ಈ ಕಡೆ ಸುಳಿಯಲಿಲ್ಲ.

ಯಂತ್ರದ ಬ್ಯಾಟರಿ ದಸರೆಗೆ ತೀರಿತು.
ಗಾಳಿಗೆ ಕದ ಬಡಿಯದಂತೆ ಈಗ ಅದನ್ನು ಒತ್ತು ಕೊಟ್ಟಿದ್ದೇವೆ.
ಫರಸಿಯ ಸಂದಿನಿಂದ ಇರುವೆಗಳು
ತಮ್ಮ ಪಾಲು ತಾವೇ ಅಳೆದುಕೊಂಡು ಹೋಗುತ್ತವೆ.
ಖಾನೆಗೆ ಒಂದು ಹೆಸರಿಡೋಣವೇ ಎಂದರೆ
ರಾಚಮ್ಮ ಬೇಡವೆನ್ನುತ್ತಾಳೆ:
"ಹೆಸರಿಟ್ರ ಯಾರರೆ ಬಂದು ನಂದು ಅಂತಾರ."

ಇವತ್ತು ಹೊತ್ತು ಮುಳುಗುವಾಗ ಭೀಮಬಾಯಿ ಬಂದಳು.
ಮಾತಿಲ್ಲ. ಊರಲ್ಲಿ ಯಾರ ಹತ್ತಿರವೂ ಉಳಿಯದ
ಕೆಂಪು ಪುಂಡಿಯ ಬೀಜ, ಗಂಟು ಕಟ್ಟಿದ್ದು,
ಸೇರಿನೊಳಗೆ ಇಟ್ಟು ಹೋದಳು. ಅಳೆಯಲು ಹೋಗಲಿಲ್ಲ ನಾನು.
ತಾರೀಖು ಹಾಕಿ ಬರೆದೆ:
ಜಮಾ, ಪುಂಡಿ, ಒಂದು ಕರ್ಚೀಪು.